ಒಳ್ಳೆಯ ಗಾಳಿ ಕುಡಿದ ಸಣ್ಣವ್ವ

ತಿಕೋಟಾದ ಗುರುಪಾದಯ್ಯನನ್ನು ಇಲಿ ಕಾಯುವ ಅಯ್ಯ ಎಂದು ಓಣಿಯವರು ನಗುತ್ತಿದ್ದರು. ಅವನೂ ನಗುತ್ತಿದ್ದ, ನಗದೆ ಏನು ಮಾಡಬೇಕು? ತೊರವಿಯ ಹೊರಗೆ ಹೊಸದಾಗಿ ಎದ್ದ ಪ್ರಯೋಗಾಲಯದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವುದು ಅವನ ನೌಕರಿ. ಬಿಳಿ ಇಲಿಗಳಿಗೆ ಕಾಳು, ನೀರು ಇಟ್ಟಾದ ಮೇಲೆ ಒಂದೊಂದನ್ನೇ ಕೊಳವೆಯೊಳಗೆ ಕೂರಿಸಿ, ಮೂಗಷ್ಟೇ ಹೊರಗುಳಿಯುವಂತೆ ಯಂತ್ರಕ್ಕೆ ಸಿಕ್ಕಿಸಬೇಕು. ತಂಬಾಕಿನ ಹೊಗೆಯಲ್ಲಿರುವ ರಾಸಾಯನಿಕಗಳ ಆವಿ ಆ ಮೂಗಿಗೆ ಬರುತ್ತಿತ್ತು. ಒಂದು ಗುಂಪಿಗೆ ಮಾತ್ರ ಶುದ್ಧ ಗಾಳಿ. ಕೊಳವೆಯಲ್ಲಿ ಕೂರುವ ಶಿಕ್ಷೆ ಅವಕ್ಕೂ ಇತ್ತು, ವಿಷ ಇರಲಿಲ್ಲ.

ಅದು ಅವನು ಕಂಡ ಮೊದಲ ಪ್ರಯೋಗ. ಆವಿ ಕುಡಿದ ಇಲಿಗಳು ಬರಬರುತ್ತ ಬಡವಾದವು, ಕೂದಲು ಕೆದರಿತು, ಉಸಿರು ಸೊಯ್ಯೆನ್ನತೊಡಗಿತು. ಆ ಸದ್ದಿನ ಗುರುತು ಅವನಿಗಿತ್ತು. ಮನೆಯಲ್ಲಿ ಹೆಂಡತಿ ಅಕ್ಕನಾಗಮ್ಮನ ಎದೆಯಲ್ಲೂ ಅದೇ ಸದ್ದು.

ಅಕ್ಕನಾಗಮ್ಮ ಬಬಲೇಶ್ವರದ ಸಂತೆಯಿಂದ ತಂಬಾಕಿನ ಎಲೆ ತಂದು, ಹಂಚಿನ ಮೇಲೆ ಕರ್ರಗೆ ಹುರಿದು, ಹಲ್ಲಿಗೆ ತಿಕ್ಕುವ ಮಿಶ್ರಿ ಮಾಡುತ್ತಿದ್ದಳು. ತನಗಷ್ಟೇ ಆಗಿದ್ದರೆ ಬೇರೆ ಮಾತು. ಅವಳ ಕೈಯ ಹದ ಯಾರಿಗೂ ಬಾರದೆಂದು ಇಡೀ ಓಣಿಗೆ ಅವಳೇ ಹುರಿಯಬೇಕು! ಪುಡಿ ಹಾರೀತೆಂದು ಕಿಟಕಿ ಮುಚ್ಚುವುದು ಬೇರೆ. ಈ ಹೊಗೆ ಬಿಡದಿದ್ದರೆ ಹೆಚ್ಚು ದಿನ ಉಳಿಯುವುದಿಲ್ಲವೆಂದು ಜಲನಗರದ ಡಾಕ್ಟರು ಎಕ್ಸರೇ ಹಿಡಿದು ತೋರಿಸಿದ್ದರು. "ನಮ್ಮವ್ವ ಮುದುಕಿ ಆಗೂತನಕ ತಿಕ್ಕ್ಯಾಳ" ಎಂದು ಹೇಳಿ ಎದ್ದು ಬಂದಿದ್ದಳು.

ಡಾಕ್ಟರ ಮಾತು ನಾಟದ ಕಡೆ ಇಲಿಯ ಮಾತಾದರೂ ನಾಟೀತೇ ಎಂದು ಗುರುಪಾದಯ್ಯ ಒಂದು ಸಂಜೆ ಬಾಯಿ ತೆಗೆದ.

"ಚೊಲೋ ಗಾಳಿ ಕುಡಿಯೋ ಇಲಿ ಹ್ಯಾಂಗ ಪುಟೀತಾವ ಅಂತಿ! ಅದರಾಗ ಕಿವಿ ಹರದದ್ದೊಂದು ಐತಿ. ಅದು ನಿನ್ನ ಪಾಲಿಂದು ಅಂತ ತಿಳಿ. ಹೊಗಿ ಬಿಟ್ರ ನೀನೂ ಹಂಗ ಆರಾಮ ಇರ್ತಿ."

"ಆಕಿ ಹೆಸರೇನ್ರಿ?"

"ಇಲಿಗೆ ಎಲ್ಲೀದು ಹೆಸರು? ನೀನ ಇಡು."

"ಸಣ್ಣವ್ವ" ಎಂದು ಅಕ್ಕನಾಗಮ್ಮ ನಕ್ಕಳು. ಮರುದಿನ ಹಂಚನ್ನು ಅಟ್ಟಕ್ಕೇರಿಸಿದಳು. "ಸಣ್ಣವ್ವ ಬದುಕೂತನಕ ಹಂಚು ಇಳಸೂದಿಲ್ಲ, ನೋಡ್ರಿ."

ಮೊದಮೊದಲು ತಲೆ ಸಿಡಿದು ಎಲ್ಲರ ಮೇಲೂ ಹರಿಹಾಯ್ದಳು. ಮಿಶ್ರಿ ಕೇಳಿ ಬಂದವರನ್ನು ಬಾಗಿಲಲ್ಲೇ ತಿರುಗಿಸಿದಳು. ಸಣ್ಣವ್ವನಿಗೆಂದು ಬುತ್ತಿಯಲ್ಲಿ ನಾಲ್ಕು ಶೇಂಗಾ ಕಟ್ಟುತ್ತಿದ್ದಳು. ಹೊರಗಿನ ತಿನಿಸು ಇಲಿಗೆ ಹಾಕುವಂತಿಲ್ಲ. ಗುರುಪಾದಯ್ಯ ಬಸ್ಸಿನಲ್ಲಿ ತಾನೇ ತಿಂದು, "ತಿಂದಳು" ಎನ್ನುತ್ತಿದ್ದ. ಹೆಂಡತಿಯ ಎದೆಯ ಸದ್ದು ಇಳಿಯತೊಡಗಿತ್ತು. ಅವನಿಗೆ ಎಷ್ಟೋ ವರ್ಷಗಳ ಮೇಲೆ ನಿದ್ದೆ ಹತ್ತಿತು.

ಪ್ರಯೋಗ ಮುಗಿದ ದಿನ, ಅದನ್ನು ನಡೆಸುತ್ತಿದ್ದ ಪ್ರಾಚಿ ಮೇಡಮ್ ಎಲ್ಲ ಗುಂಪುಗಳನ್ನೂ ಕೊಯ್ಯುವ ಕೋಣೆಗೆ ತರಲು ಹೇಳಿದರು. ಗುರುಪಾದಯ್ಯ ಬಾಗಿಲಲ್ಲೇ ನಿಂತ.

"ಮೇಡಮ್ಮರ, ಇವು ಚೊಲೋ ಗಾಳಿವು ಅಲ್ರಿ?"

"ಅವೂ ಬೇಕ್ರಿ ಅಯ್ಯಾರ. ಕೆಟ್ಟದ್ದು ಎಷ್ಟು ಕೆಟ್ಟೈತಿ ಅಂತ ತಿಳೀಬೇಕಂದ್ರ ಬಾಜೂಕ ಚೊಲೋದು ಇಟ್ಟು ನೋಡಬೇಕಲ್ರಿ."

ಇಷ್ಟು ದಿನ ಯಾರೂ ಅವನಿಗೆ ಇದನ್ನು ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಪಂಜರ ತೆಗೆದು ಕೈ ಚಾಚಿದ. ಸಣ್ಣವ್ವ ತಾನಾಗಿಯೇ ಅಂಗೈ ಹತ್ತಿ ಕುಳಿತಳು. ಹಾಗೆಯೇ ಒಯ್ದು ಮೇಜಿನ ಮೇಲೆ ಇಳಿಸಿ, ಕೊಯ್ದು ಮುಗಿಯುವವರೆಗೂ ಅಲ್ಲೇ ನಿಂತ.

ಮನೆಗೆ ಬಂದಾಗ ಅಕ್ಕನಾಗಮ್ಮ ಎಂದಿನಂತೆ ಕೇಳಿದಳು: "ಸಣ್ಣವ್ವ ಹ್ಯಾಂಗ ಅದಾಳ್ರಿ?"

ಸುಳ್ಳು ಹೇಳಬಹುದಿತ್ತು. ಶೇಂಗಾದ ಸುಳ್ಳು ಸಲೀಸಾಗಿ ಬಂದಿತ್ತು, ಇದು ಬರಲಿಲ್ಲ. ಅವಳು ಅವನ ಮುಖ ನೋಡಿದಳು. ನೋಡಿದ ಮೇಲೆ ಹೇಳುವುದೇನಿತ್ತು? ಎಲ್ಲವನ್ನೂ ಹೇಳಿಬಿಟ್ಟ.

"ಆಕಿ ಫುಪ್ಪುಸ ಹ್ಯಾಂಗಿತ್ತು?"

"ಗುಲಾಬಿ ಬಣ್ಣ. ಒಂದು ಕಪ್ಪು ಕಲಿ ಇರಲಿಲ್ಲ."

"ಅಷ್ಟು ಚೊಲೋದು ಇಟಗೊಂಡು ಏನ ಮಾಡಿದಳ್ರಿ, ಪಾಪ!"

"ನೀ ಇಲಿ ಅಲ್ಲ ಬೇ" ಎಂದ ಗುರುಪಾದಯ್ಯ.

ಅಕ್ಕನಾಗಮ್ಮ ಸ್ಟೂಲು ಎಳೆದು, ಅಟ್ಟದಿಂದ ಹಂಚು ಇಳಿಸಿ, ಸೆರಗಿನಿಂದ ಧೂಳು ಒರೆಸಿದಳು. ಒಲೆ ಹಚ್ಚಿ ಕಿಟಕಿ ಮುಚ್ಚಿದಳು. ಹುರಿಯುವಾಗಲೆಲ್ಲ ಅವನು ಕಟ್ಟೆಗೆ ಎದ್ದು ಹೋಗುತ್ತಿದ್ದ. ಅಂದು ಏಳಲಿಲ್ಲ. ಹೊಗೆ ಇಬ್ಬರ ಮೂಗಿಗೂ ಬಂತು.