ಪಕ್ಕದ ಮನೆಯ ನವರಂಗ

ನಮ್ಮ ಮನೆಯಲ್ಲೊಂದು ಬಿಳಿಯ ಹಾಸುಬಟ್ಟೆಯಿದೆ. ಅದರ ಒಂದು ತುದಿಯಲ್ಲಿ ಹುಣಿಸೆಬೀಜದಷ್ಟು ದೊಡ್ಡ ಕಂದು ಕಲೆ. ನೆಂಟರು ಬಂದಾಗ ನನ್ನ ಹೆಂಡತಿ ಲಿಲ್ಲಿ ಅದನ್ನು ದಿಂಬಿನಡಿ ಅಡಗಿಸುತ್ತಾಳೆ. ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ, ಮಿತ್ರರೇ, ನಗಬೇಡಿ.

ಅರವತ್ತರ ದಶಕದ ಮಾತು. ಆಗ ನಾನು ಶಾಲೆಯ ಮೇಷ್ಟ್ರು, ಮೇಲಾಗಿ ಹಕ್ಕಿಯ ಹುಚ್ಚಿನವನು. ಮಳೆ ಹಿಂದೆಗೆದು ಶರತ್ಕಾಲದ ಎಳೆಬಿಸಿಲು ಹರಡುವ ದಿನಗಳಲ್ಲಿ, ಭಾನುವಾರ ಇಗರ್ಜಿಯ ಮೊದಲ ಪೂಜೆ ಮುಗಿಸಿ, ನಮ್ಮ ಉರ್ವದಿಂದ ಬಸ್ಸು ಹಿಡಿದು ಕೂಳೂರಿನ ಹೊಳೆದಂಡೆಗೆ ಹೋಗುತ್ತಿದ್ದೆ. ಮಿಂಚುಳ್ಳಿ, ಬೆಳ್ಳಕ್ಕಿಗಳು ಧಾರಾಳವಾಗಿ ಸಿಗುತ್ತಿದ್ದವು. ನನಗೆ ಬೇಕಾದದ್ದು ನವರಂಗ. ಚಳಿಗಾಲ ಕಳೆಯಲು ಉತ್ತರದಿಂದ ಬರುವ, ಪುಟ್ಟ ಮೈಯಲ್ಲಿ ಒಂಬತ್ತು ಬಣ್ಣ ಹೊತ್ತ ಆ ಹಕ್ಕಿಯ ಸಿಳ್ಳು ಎಷ್ಟೋ ಸಲ ಪೊದೆಯೊಳಗಿಂದ ಕೇಳಿಸಿತ್ತು, ರೂಪ ಕಂಡಿರಲಿಲ್ಲ. ಒಮ್ಮೆ ಕಣ್ತುಂಬ ನೋಡಬೇಕೆಂಬುದು ವರ್ಷಗಳ ಹಂಬಲ.

ಪಕ್ಕದ ಮನೆಯ ಹಸನಬ್ಬ ಬಂದರಿನಲ್ಲಿ ಮೆಣಸಿನ ವ್ಯಾಪಾರಿ. ಅವರಿಗೆ ಪತಂಗದ ಹುಚ್ಚು. ಇರುಳು ತೋಟದಲ್ಲಿ ಬಿಳಿ ಬಟ್ಟೆ ಕಟ್ಟಿ, ಎದುರಿಗೆ ಗ್ಯಾಸ್‌ಲೈಟು ತೂಗಿಸಿ, ಬೆಳಗ್ಗೆ ಅದರ ಮೇಲೆ ಕೂತ ಪತಂಗಗಳನ್ನು ಭೂತಗನ್ನಡಿಯಲ್ಲಿ ನೋಡಿ ಹಿಗ್ಗುವುದೇ ಅವರ ಸುಖ. ಹುಳಗಳಿಗೆ ಹಾಸುಬಟ್ಟೆ ಕೊಡುವುದಿಲ್ಲವೆಂದು ಅವರ ಬೀವಿ ಕಡ್ಡಿ ಮುರಿದಂತೆ ಹೇಳಿದಾಗ, ಲಿಲ್ಲಿ ನಮ್ಮದನ್ನೇ ಕೊಟ್ಟುಬಿಟ್ಟಳು.

ಒಂದು ಬೆಳಗ್ಗೆ ಗೋಡೆಯಾಚೆಯಿಂದ ಅವರ ದೂರು ಬಂತು: "ಎಂತ ಹೇಳುವುದು ಮಾಸ್ಟ್ರೇ, ಹಸಿರು ಬೆನ್ನು, ಬಾಲದಡಿ ಕೆಂಪು, ಒಂದು ಕಳ್ಳ ಹಕ್ಕಿ ಬರ್ತದೆ ಮಾರಾಯ್ರೆ. ಬಟ್ಟೆಯಡಿ ಬಿದ್ದ ಪತಂಗ ಎಲ್ಲ ಹೆಕ್ಕಿ ತಿನ್ತದೆ. ನಿಮ್ಮದೇ ಪುಣ್ಯ, ನಿಮ್ಮಲ್ಲಿ ಅದರ ಉಪದ್ರ ಇಲ್ಲ!"

ನವರಂಗ! ನಾನು ಕೂಳೂರಿನ ಕೆಸರು ತುಳಿಯುತ್ತಿದ್ದಾಗ ಅದು ನನ್ನದೇ ಹಾಸಿನಡಿ ನಾಷ್ಟಾ ಮಾಡುತ್ತಿತ್ತು, ಅದೂ ಅದರ ಹೆಸರನ್ನೇ ಅರಿಯದವರ ತೋಟದಲ್ಲಿ. ಹಿತ್ತಲ ಗಿಡ ಮದ್ದಲ್ಲವೆನ್ನುತ್ತಾರೆ; ಪಕ್ಕದವರ ಹಿತ್ತಲಿನದು ಮಾತ್ರ ನೇರವಾಗಿ ಹೊಟ್ಟೆಯನ್ನೇ ಸುಡುತ್ತದೆ.

"ನಿಮ್ಮ ಕಳ್ಳ ಇಲ್ಲಿಗೆ ಬರ್ಲಿಕ್ಕಿಲ್ಲ, ನಮ್ಮಲ್ಲೇ ಕಟ್ಟುವ" ಎಂದು ನಯವಾಗಿ ನುಡಿದು ಹಾಸನ್ನು ನಮ್ಮ ಅಂಗಳಕ್ಕೆ ತಂದೆ. ಪತಂಗದ ಹಿಂದೆ ಹಕ್ಕಿಯೂ ಬಂದೇ ಬರುತ್ತದೆಂಬ ಆಸೆ ನನ್ನದು. ಪತಂಗಗಳು ಬಂದವು. ಹಿಂದೆಯೇ ಹಸನಬ್ಬರೂ ಬಂದು ಲಿಲ್ಲಿಯ ಕಾಫಿ ಕುಡಿದರು. ನವರಂಗ ಬರಲಿಲ್ಲ, ಗುಡಿಸಿ ಸಾರಿಸಿದ ಅಂಗಳದಲ್ಲಿ ಅದಕ್ಕೇನು ಕೆಲಸ? ಅದು ಅವರ ತೋಟದ ತರಗೆಲೆಗಳ ನಡುವೆಯೇ ಸಿಳ್ಳು ಹಾಕುತ್ತಿತ್ತು.

ಹಾಗಾಗಿ ಮುಂದಿನ ಭಾನುವಾರ ಅವರು ನಮ್ಮ ಅಂಗಳದಲ್ಲಿ, ನಾನು ಅವರ ತೋಟದಲ್ಲಿ. ಉಸಿರು ಬಿಗಿಹಿಡಿದು ಕಾದೆ. ತರಗೆಲೆ ಸರಿಯಿತು, ಹಸಿರೊಂದು ಇಣುಕಿತು. ಅಷ್ಟರಲ್ಲಿ ಗೋಡೆಯಾಚೆಯಿಂದ ಕೂಗು: "ಯಾ ಅಲ್ಲಾ! ಮಾಸ್ಟ್ರೇ, ಅಂಗೈಯಷ್ಟು ಅಗಲ ಉಂಟು, ಓಡಿ ಬನ್ನಿ!"

ನನಗೆ ಪತಂಗ ಬೇಕಿರಲಿಲ್ಲ. ಆದರೆ ನನ್ನ ಹಾಸಿನ ಮೇಲೆ, ನನ್ನ ಅಂಗಳದಲ್ಲಿ, ನನಗಿಲ್ಲದ ಯಾವ ಸುಖ ಅವರಿಗೆ ಬಂದಿಳಿಯಿತು? ಕತ್ತು ತಾನಾಗಿ ತಿರುಗಿತು. ಮರಳಿ ನೋಡಿದರೆ ಬರಿಯ ತರಗೆಲೆ. ಓಡಿಹೋಗಿ ನೋಡಿದರೆ ಪತಂಗವೂ ಹಾರಿತ್ತು. ಉಳಿದದ್ದು ಬಟ್ಟೆಯ ಮೇಲೆ ಅದು ಬಿಟ್ಟುಹೋದ ಕಲೆ, ಹಸನಬ್ಬರ ಕಣ್ಣಲ್ಲಿ ಆನಂದದ ನೀರು.

ಹಕ್ಕಿಯನ್ನು ನೋಡಬೇಕಾಗಿದ್ದ ಕಣ್ಣು ಇನ್ನೊಬ್ಬರ ಸುಖ ನೋಡಲು ಹೋಯಿತಲ್ಲ ಎಂದು ಈಗಲೂ ಮರುಗುತ್ತೇನೆ. ನೆಂಟರಿಲ್ಲದಾಗ ಆ ಹಾಸನ್ನು ನಾನೇ ಹಾಸಿಕೊಳ್ಳುತ್ತೇನೆ, ಕಲೆಯ ಕಡೆಗೇ ತಲೆಯಿಟ್ಟು. ಬುದ್ಧಿ ಬಂತೆಂದು ತಿಳಿಯಬೇಡಿ. ಬೆಳಗ್ಗೆ ಗೋಡೆಯಾಚೆ ಸಿಳ್ಳು ಕೇಳಿದೊಡನೆ ನಾನು ಮೊದಲು ಹುಡುಕುವುದು ದುರ್ಬೀನನ್ನಲ್ಲ. ಹಸನಬ್ಬರು ಇನ್ನೂ ಎದ್ದಿರದಿರಲಿ, ಅದು ಅವರ ಕಣ್ಣಿಗೆ ಬೀಳದಿರಲಿ, ದೇವರೇ, ಎಂದು ಬೇಡಿಕೊಳ್ಳುತ್ತೇನೆ.