ರೇಣವ್ವ ನಡೆಸಿದವರು

ರೇಣವ್ವನಿಗೆ ನಗು ತಡೆಯಲು ಬರುತ್ತಿರಲಿಲ್ಲ. ಲಕ್ವಾ ಹೊಡೆದು ಕಾಲು ಎಳೆಯುತ್ತ ಬಂದವರು ಮೊದಲ ಸಲ ಯಾರ ಆಸರೆಯೂ ಇಲ್ಲದೆ ಹೆಜ್ಜೆ ಇಟ್ಟರೆ, ಅವರಿಗಿಂತ ಮೊದಲು ಅವಳೇ ನಕ್ಕುಬಿಡುತ್ತಿದ್ದಳು. ಆ ನಗು ಕೇಳಿದೊಡನೆ ಬಾಜೂ ಕೋಣೆಯವರು, "ಯಾರೋ ನಡದ್ರು ನೋಡು ಇವತ್ತ" ಎನ್ನುತ್ತಿದ್ದರು.

ಬೆಳಗಾವಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಅವಳ ಕೆಲಸ. ಪೀರನವಾಡಿಯ ಕುರಿಗಾರರ ಮನೆಯ ಮಗಳು. ಏಳನೆಯ ತರಗತಿಗೆ ಸಾಲಿ ಬಿಟ್ಟವಳು. ಕಸ ಗುಡಿಸಲೆಂದು ಆಸ್ಪತ್ರೆ ಸೇರಿದ್ದಳು. ವ್ಯಾಯಾಮ ಮಾಡಿಸಿ ಕೈಕಾಲು ಸರಿಪಡಿಸುವ ಫಿಜಿಯೋಥೆರಪಿ ವಿಭಾಗ ನಡೆಸಲು ಬಂದ ರೂಪಾಲಿ ಮೇಡಂ, ನೆಲದ ಮೇಲೆ ಕುಸಿಯುತ್ತಿದ್ದ ಒಬ್ಬ ಅಜ್ಜಿಯನ್ನು ರೇಣವ್ವ ಎತ್ತಿ ಹಿಡಿದ ರೀತಿ ನೋಡಿ, ಮರುದಿನವೇ ಅವಳ ಕೈಯಿಂದ ಪೊರಕೆ ಬಿಡಿಸಿದರು. ಆಮೇಲೆ ಆರು ವರ್ಷ ಕೂಡ್ರಿಸುವುದು, ನಿಲ್ಲಿಸುವುದು, ಸೊಂಟಕ್ಕೆ ಪಟ್ಟಿ ಕಟ್ಟಿ ನಡೆಸುವುದು, ಎಲ್ಲವನ್ನೂ ಜೊತೆಗಿದ್ದು ಕಲಿಸಿದರು.

ಕೆಲಸ ಬದಲಾದರೂ ಹೆಸರು ಬದಲಾಗಲಿಲ್ಲ. ಎಲ್ಲರಿಗೂ ಅವಳು "ಆಯಾ". ಮೂಳೆ ಮುರಿದವರಿಗೆ ಪಟ್ಟಿ ಹಾಕುವ ಕಲ್ಲಯ್ಯ ಇಪ್ಪತ್ತು ವರ್ಷದಿಂದ "ಏ ಪ್ಲಾಸ್ಟರ್". ಕರೆಯುವವರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ, ರೂಢಿಯಾಗಿತ್ತು, ಅಷ್ಟೇ.

೧೯೯೯ರ ಮಳೆಗಾಲ ಮುಗಿದ ಮೇಲೆ ಆಸ್ಪತ್ರೆಯವರು ಖಾನಾಪುರದಲ್ಲೊಂದು ಸಣ್ಣ ಕೇಂದ್ರ ತೆರೆಯಲು ಹೊರಟರು. ಲೋಂಡಾದ ಕಡೆಯ ಕಾಡಿನ ಹಳ್ಳಿಗಳವರು ರೈಲಿನಲ್ಲೋ ಬಸ್ಸಿನಲ್ಲೋ ಬೆಳಗಾವಿಗೆ ಬಂದು, ವ್ಯಾಯಾಮ ಮುಗಿಸಿ ಮನೆ ಮುಟ್ಟುವಷ್ಟರಲ್ಲಿ ಹಣ್ಣಾಗಿಬಿಡುತ್ತಿದ್ದರು. ಬಹಳ ಮಂದಿ ಎರಡನೆಯ ಸಲ ಬರುತ್ತಲೇ ಇರಲಿಲ್ಲ. ಹಂಚಿನ ಕಾರ್ಖಾನೆಯೊಂದರ ಹಳೆಯ ಕೋಣೆ ಸಿಕ್ಕಿತು. ರೂಪಾಲಿ ಗುರುವಾರಕ್ಕೊಮ್ಮೆ ಬಂದು ಪ್ರತಿಯೊಬ್ಬರನ್ನೂ ಪರೀಕ್ಷಿಸಿ, ಏನು ಮಾಡಿಸಬೇಕೆಂದು ಹೇಳಿಹೋಗುವುದು. ಉಳಿದ ದಿನ ಸಹಾಯಕರಾದ ರೇಣವ್ವ, ಕಲ್ಲಯ್ಯ ಕೇಂದ್ರ ನಡೆಸುವುದು ಎಂದಾಯಿತು.

"ರೇಣವ್ವಾ, ಅಲ್ಲಿ ಮುಖ್ಯಸ್ಥೆ ನೀನಽ" ಎಂದರು ರೂಪಾಲಿ.

ರೇಣವ್ವ ಗಾಬರಿಯಾದಳು. "ನನ್ನ ಕೈಲೆ ಆಗೂದಿಲ್ರಿ ಮೇಡಂ. ಕಲ್ಲಯ್ಯ ಕಾಕಾ ನನಗಿಂತ ಹಿರ‍್ಯಾರದಾರ. ಅವರು ನನ್ನ ಮಾತ ಕೇಳ್ತಾರೇನ್ರಿ?"

"ಮಾತ ಕೇಳಸೂದಷ್ಟಽ ಮುಖ್ಯಸ್ಥೆ ಕೆಲಸ ಅಲ್ಲ. ಹೋಗು, ನೋಡೂಣು."

ರೇಣವ್ವ ಅಂಜಿದ್ದು ಸುಳ್ಳಾಗಲಿಲ್ಲ. ಖಾನಾಪುರದ ಮೊದಲ ವಾರ ಕಲ್ಲಯ್ಯ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತ. ಪಟ್ಟಿ ಹಾಕುವ ಕೆಲಸ ಬಂದರೆ ಏಳುತ್ತಿದ್ದ, ಮುಗಿಸಿ ಮತ್ತೆ ಕೂಡ್ರುತ್ತಿದ್ದ. ಒಳಗೆ ರೇಣವ್ವ ಒಬ್ಬಳೇ ಒಬ್ಬರಾದ ಮೇಲೆ ಒಬ್ಬರನ್ನು ಎತ್ತಿ ನಿಲ್ಲಿಸಿ, ಸಂಜೆಗೆ ಬೆನ್ನು ಹಿಡಿದುಕೊಂಡು ಬಸ್ಸು ಹತ್ತುತ್ತಿದ್ದಳು.

ಆಗ ಬಂದವನು ವಹಾಬ. ಪೇಟೆಯಲ್ಲಿ ಅರಳೆ ತುಂಬಿ ಗಾದಿ ಹೊಲಿಯುವವನು. ಲಕ್ವಾ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದ್ದವು. ಹೆಂಡತಿ ಮಮ್ತಾಜ ಅವನನ್ನು ಹೆಗಲಿಗೆ ಆನಿಸಿಕೊಂಡು ತಂದಳು.

"ಅಕ್ಕಾರ, ಈ ಕೈ ಗಾದಿ ಅರಿವಿ ಹಿಡಿಯೋವಷ್ಟರ ಆಗ್ಲಿ" ಎಂದ ವಹಾಬ. "ಸೂಜಿ ಹಾಕಾಕ ಬಲಗೈ ಐತಿ. ಕಾಲಿಂದು ಆಮ್ಯಾಲ ನೋಡೂಣು. ಮನ್ಯಾಗ ಕುಂತು ಕುಂತು ಈಕಿ ಮಾರಿನಽ ನೋಡಾಕತ್ತೇನಿ."

"ನಂದೇನು ಸುಖಾ? ನಾನೂ ನಿಮ್ಮ ಮಾರಿನಽ ನೋಡಾಕತ್ತೇನಿ" ಎಂದಳು ಮಮ್ತಾಜ. ರೇಣವ್ವ ನಕ್ಕಳು. ಹೊರಗಿದ್ದ ಕಲ್ಲಯ್ಯನೂ ನಕ್ಕದ್ದು ಅವಳಿಗೆ ಕೇಳಿಸಿತು.

ವಹಾಬನನ್ನು ನಡೆಸಬೇಕೆಂದರೆ ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ ಬೇಕು. ಬೆಳಗಾವಿಯಲ್ಲಿ ಉಕ್ಕಿನದಿತ್ತು, ಇಲ್ಲಿ ಬರಿ ಗೋಡೆ. ರೇಣವ್ವ ಹೊರಗೆ ಹೋಗಿ ಕಲ್ಲಯ್ಯನ ಬಾಜೂ ನೆಲದ ಮೇಲೆ ಕುಳಿತಳು.

"ಕಾಕಾ, ನನ್ನ ಸಿಟ್ಟಿಲೆ ನೋಡಬ್ಯಾಡ್ರಿ. ಮುಖ್ಯಸ್ಥೆ ಅಂತ ನಾ ಕೇಳಿ ಇಸ್ಕೊಂಡಿಲ್ಲ. ಆದ್ರ ಇವರನ್ನ ನಾ ಒಬ್ಬಾಕಿನಽ ನಡಸಾಕ ಆಗೂದಿಲ್ಲ. ಬಿದರಿಂದು ಕಂಬಿ ಮಾಡಾಕ ಬರ್ತೈತೇನ್ರಿ ನಿಮಗ?"

ಕಲ್ಲಯ್ಯ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ. "ಇಪ್ಪತ್ತ ವರ್ಷದಾಗ ಯಾರೂ ನಂಗ 'ಬರ್ತೈತೇನು' ಅಂತ ಕೇಳಿಲ್ಲ" ಎಂದ. "'ಮಾಡು' ಅಂತಿದ್ರು, ಮಾಡ್ತಿದ್ದೆ. ಬರ್ತೈತಿ ತಂಗಿ. ಯಾಕ ಬರೂದಿಲ್ಲ?"

ಖಾನಾಪುರದಲ್ಲಿ ಬಿದಿರಿಗೆ ಬರವೇ? ಎರಡು ದಿನದಲ್ಲಿ ಕಂಬಿ ಎದ್ದು ನಿಂತಿತು. ಉಜ್ಜಿ ನುಣುಪು ಮಾಡಿ, ಮಕ್ಕಳಿಗೆಂದು ಕೆಳಗೊಂದು ಸಾಲು ಬೇರೆ. ಗುರುವಾರ ಬಂದ ರೂಪಾಲಿ ಅದನ್ನು ಹಿಡಿದು ಜಗ್ಗಿ, ತಾವೇ ಒಳಗೆ ನಡೆದು, "ವಾ! ಕಲ್ಲಯ್ಯ, ಇದು ನಮ್ಮ ಬೆಳಗಾವಿಂದಕಿಂತ ಚಂದ ಐತಿ" ಎಂದರು. ಮರುದಿನದಿಂದ ಬಾಗಿಲ ಹೊರಗಿನ ಕುರ್ಚಿ ಕಾಯುವವರ ಪಾಲಾಯಿತು.

ರೇಣವ್ವ ಇನ್ನೊಂದು ರೂಢಿ ಹಾಕಿದಳು. ಒಬ್ಬೊಬ್ಬರನ್ನೇ ಒಳಗೆ ಕರೆಯುವ ಬದಲು, ಕೂತು ಮಾಡುವ ವ್ಯಾಯಾಮವನ್ನೆಲ್ಲ ಸುತ್ತ ಕೂಡ್ರಿಸಿ ಒಟ್ಟಿಗೆ ಮಾಡಿಸತೊಡಗಿದಳು. ಇದಕ್ಕೆ ಮೊದಲು ರೂಪಾಲಿಯನ್ನು ಕೇಳಿದಳು. ಅವರು ಯಾರು ಯಾವುದನ್ನು ಮಾಡಬಾರದು ಎಂದು ತಿಳಿಸಿ, ಖುಷಿಯಿಂದ ಒಪ್ಪಿದರು. ಮರಾಠಿಯವರು ಮರಾಠಿಯಲ್ಲಿ ಎಣಿಸಿದರು, ಕನ್ನಡದವರು ಕನ್ನಡದಲ್ಲಿ; ವಹಾಬ ಇಬ್ಬರ ಎಣಿಕೆಯನ್ನೂ ಬೇಕೆಂತಲೇ ತಪ್ಪಿಸಿ ಎಲ್ಲರಿಗೂ ಮೊದಲಿನಿಂದ ಮಾಡಿಸುತ್ತಿದ್ದ. ಅವನದೇ ಅಂಗಡಿಯ ಅರಳೆ ತರಿಸಿ ಎಡಗೈಗೆ ಕೊಟ್ಟು ಹಿಂಜಿಸಿದರು. ದೀಪಾವಳಿ ದಾಟಿತು, ಸಂಕ್ರಾಂತಿ ಬಂತು. ಒಂದು ಬೆಳಿಗ್ಗೆ ಅವನ ಹೆಬ್ಬೆರಳು ಅರಳೆಯನ್ನು ಒತ್ತಿ ಹಿಡಿಯಿತು. ಮಮ್ತಾಜ "ಯಾ ಅಲ್ಲಾ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ರೇಣವ್ವನ ನಗು ಹಂಚಿನ ಕಾರ್ಖಾನೆಯ ಅಂಗಳದವರೆಗೂ ಕೇಳಿಸಿತು.

ಕೇಂದ್ರಕ್ಕೆ ವರ್ಷ ತುಂಬಿದಾಗ ಸಣ್ಣ ಸಮಾರಂಭವಿಟ್ಟರು. ಆಸ್ಪತ್ರೆಯ ಆಡಳಿತಾಧಿಕಾರಿ ಬೆಳಗಾವಿಯಿಂದ ಕುಂದಾ ಕಟ್ಟಿಸಿಕೊಂಡು ಬಂದರು. ಅಂಗಳದಲ್ಲಿ ಶಾಮಿಯಾನ, ಕೆಳಗೆ ವಹಾಬ ಹೊಲಿದ ಹೊಸ ಗಾದಿಗಳು. ಅಧಿಕಾರಿಗಳು ಚೆನ್ನಾಗಿಯೇ ಮಾತಾಡಿದರು. ಡಾಕ್ಟರರನ್ನು ಹೆಸರು ಹಿಡಿದು ನೆನೆದರು, ರೂಪಾಲಿಯನ್ನು ಹೊಗಳಿದರು, "ಮತ್ತು ನಮ್ಮ ಆಯಾಗಳು, ಇತರೆ ಸಿಬ್ಬಂದಿ" ಎಂದು ಮುಗಿಸಿದರು. ಆಮೇಲೆ, "ಕೇಂದ್ರ ನೋಡ್ಕೊಳ್ಳಾಕಿ ಒಂದೆರಡು ಮಾತು ಆಡ್ಲಿ" ಎಂದು ಮೈಕು ರೇಣವ್ವನ ಮುಂದೆ ಹಿಡಿಸಿದರು.

ರೇಣವ್ವ ಸೆರಗು ಸರಿಪಡಿಸಿಕೊಂಡು ಎದ್ದಳು. ಮೈಕಿನೆದುರು ಅವಳು ಎಂದೂ ನಿಂತಿರಲಿಲ್ಲ. ಮಂದಿಯ ಕಡೆ ನೋಡಿದಳು. ಎಲ್ಲ ತನ್ನ ಕೈ ಹಿಡಿದು ನಡೆದ ಮುಖಗಳೇ.

"ನನ್ನ ಹೆಸರು ರೇಣವ್ವ" ಎಂದಳು. "ನಾ ಫಿಜಿಯೋಥೆರಪಿ ಸಹಾಯಕಿ. ರೂಪಾಲಿ ಮೇಡಂ ಕಲಿಸಿದ್ದನ್ನ ಮಾಡಸ್ತೇನಿ. ಇವರು ಕಲ್ಲಯ್ಯನವರು. ಪ್ಲಾಸ್ಟರ್ ಸಹಾಯಕರು. ಈ ಊರಾಗ ಎಷ್ಟ ಮಂದಿ ಕೈಕಾಲಿಗೆ ಇವರು ಪಟ್ಟಿ ಹಾಕ್ಯಾರ, ಕೈ ಎತ್ತರ‍್ರಿ ನೋಡೂಣು."

ಅಂಗಳದ ತುಂಬ ಕೈ ಎದ್ದವು. ವಹಾಬ ಪಟ್ಟಿ ಹಾಕಿಸಿಕೊಂಡವನೇ ಅಲ್ಲ. ಆದರೂ ತನ್ನ ಎಡಗೈಯನ್ನು ಎಷ್ಟಾಗುತ್ತದೋ ಅಷ್ಟು ಮೇಲಕ್ಕೆ ಎತ್ತಿದ್ದ.

"ಸಾಹೇಬ್ರ" ಎಂದು ರೇಣವ್ವ ಅಧಿಕಾರಿಗಳ ಕಡೆ ತಿರುಗಿದಳು, "ನಮಗೊಂದು ಆಸೆ ಐತ್ರಿ. ನಮ್ಮ ಎದಿ ಮ್ಯಾಲ ನಮ್ಮ ಹೆಸರು, ನಮ್ಮ ಕೆಲಸದ ಹೆಸರು ಇರಬೇಕ್ರಿ. ನಮ್ಮಂಥಾವ್ರಿಗೆ ಸರಿಯಾಗಿ ಕಲಿಸೂ ತರಗತಿನೂ ಬೇಕ್ರಿ. ಬೆಳಗಾವಿ ಆಸ್ಪತ್ರಿಯೊಳಗಿನ ಎಲ್ಲಾ ಸಹಾಯಕರ ಪರವಾಗಿ ಕೇಳಾಕತ್ತೇನಿ."

ಕಲ್ಲಯ್ಯ ಕಣ್ಣು ಮುಚ್ಚಿಕೊಂಡಿದ್ದ. ಅಧಿಕಾರಿಗಳು ಎದ್ದು ಬಂದರು.

"ಖರೇ ಹೇಳ್ತೇನವ್ವಾ, ಇದು ನಮಗ ಹೊಳದೇ ಇರ್ಲಿಲ್ಲ" ಎಂದರು. "ಆಗಲಿ. ತರಗತಿ ಶುರು ಮಾಡೂಣು. ರೇಣವ್ವನವರ, ಅದರ ಜವಾಬ್ದಾರಿ ನೀವ ತಗೋರಿ, ರೂಪಾಲಿಯವರ ಜೋಡಿ."

"ರೇಣವ್ವನವರ" ಎಂದದ್ದು ಎಲ್ಲರ ಕಿವಿಗೂ ಬಿತ್ತು. ಹಿಂದಿನ ಸಾಲಿನಿಂದ ಯಾರೋ ಸೀಟಿ ಹೊಡೆದರು. ತಿರುಗಿ ನೋಡಿದರೆ ರೂಪಾಲಿ ಮೇಡಂ!

ಮಾತು ಹುಸಿಯಾಗಲಿಲ್ಲ. ಯುಗಾದಿಯ ಹೊತ್ತಿಗೆ ಹೆಸರಿನ ಬಿಲ್ಲೆಗಳು ಬಂದವು. ಕಲ್ಲಯ್ಯ ಅದನ್ನು ಅಂಗಿಗೆ ಚುಚ್ಚಿಕೊಂಡೇ ಬೆಳಗಾವಿಯಲ್ಲಿ ಬಸ್ಸಿಳಿದು ಅನಗೋಳದ ತನ್ನ ಮನೆಯವರೆಗೆ ನಡೆದುಹೋದ. ಓಣಿಯಲ್ಲಿ ಸಿಕ್ಕವರಿಗೆಲ್ಲ ಎದೆ ಮುಂದೆ ಮಾಡಿ ನಿಂತ. ಆಸ್ಪತ್ರೆಯಲ್ಲಿ "ಏ ಪ್ಲಾಸ್ಟರ್" ಎಂಬ ಕೂಗು ಒಮ್ಮೆಲೇ ಹೋಗಲಿಲ್ಲ. ಆದರೆ ಕೂಗಿದವರೇ ನಾಲಿಗೆ ಕಚ್ಚಿಕೊಂಡು "ಕಲ್ಲಯ್ಯನವರ" ಎಂದು ತಿದ್ದಿಕೊಳ್ಳತೊಡಗಿದರು. ರೇಣವ್ವ ಸಹಾಯಕರೆಲ್ಲರ ಮುಖ್ಯಸ್ಥೆಯಾದಳು.

ಹೊಸದಾಗಿ ಶುರುವಾದ ಶನಿವಾರದ ತರಗತಿಗೆ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವಳು ಮಮ್ತಾಜ. "ವರ್ಷಗಟ್ಟಲೆ ಇವರನ್ನ ಎತ್ತಿ ಇಳಸೇನಿ. ಉಳದವರನ್ನೂ ಎತ್ತತೇನಿ" ಎಂದಳು. ಮೊದಲ ಪಾಠಕ್ಕೆ ರೋಗಿಯ ವೇಷ ಕಲ್ಲಯ್ಯನದು. ಮಂಚದಿಂದ ಅವನನ್ನು ಎಬ್ಬಿಸಿ ನಿಲ್ಲಿಸಬೇಕು. ಕಲ್ಲಯ್ಯ ಮೈಯೆಲ್ಲ ಸಡಿಲ ಬಿಟ್ಟು, "ಅಯ್ಯೋ ಯವ್ವಾ, ಬಿದ್ನೇ" ಎಂದು ಕೂಗುತ್ತ ಮಮ್ತಾಜಳ ಮೇಲೆ ಜೋತುಬಿದ್ದ.

"ಮೊಣಕಾಲ ಮಡಚರಿ, ಬೆನ್ನ ನೆಟ್ಟಗಿರ್ಲಿ, ಸೊಂಟದ ಪಟ್ಟಿ ಹಿಡೀರಿ" ಎಂದು ರೇಣವ್ವ ಹೇಳಿಕೊಡುತ್ತಿದ್ದಳು. ಮಮ್ತಾಜ ಹಲ್ಲು ಕಚ್ಚಿ, ಪಟ್ಟಿ ಹಿಡಿದು, ಒಂದೇ ಏಟಿಗೆ ಅವನನ್ನು ನೆಟ್ಟಗೆ ನಿಲ್ಲಿಸಿದಳು. ಅವಳ ತಾಕತ್ತಿಗೆ ಕಲ್ಲಯ್ಯ ಖರೇನೇ ಹೆದರಿ, ತಾನು ರೋಗಿ ಎಂಬುದನ್ನು ಮರೆತು ನಾಲ್ಕು ಹೆಜ್ಜೆ ಓಡಿದ.