ಎರಡರಷ್ಟು ಮೀರದ ದಾರಿ

ಇವತ್ತು ಬೆಳಿಗ್ಗೆ ನಮ್ಮ ಮನೆಯ ಹಿಂದೆ ಟ್ಯಾಂಕರೊಂದು ನೀರು ಸೋರಿಸಿಕೊಂಡು ಹೋಯಿತು. ಕೆಂಪು ಧೂಳು ನೆಂದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಬಿಗಿಯಿತು. ನಿಮಗೆ ಈ ವಾಸನೆ ಹಿತವೆನ್ನಿಸಬಹುದು. ನನಗೆ ಅದು ಅವ್ವನ ಉಸಿರಿನ ನೆನಪು.

ಸಂಡೂರಿನ ಸುತ್ತ ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ. ಅವ್ವನಿಗೆ ದಮ್ಮು. ಊರವರ ಗಲಾಟೆಗೆ ಹೆದರಿ ಗಣಿಯ ಮ್ಯಾನೇಜರು ಧೂಳು ಏಳದಂತೆ ಮಣ್ಣುದಾರಿಗಳಿಗೆ ನೀರು ಹಾಕಿಸಲು ಒಪ್ಪಿದರು, ಆದರೆ ಕೆಲವಕ್ಕೆ ಮಾತ್ರ. ಆ ಕೆಲವನ್ನು ಆರಿಸುವ ಕೆಲಸ ಹೊಸಪೇಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನನ್ನ ಅಕ್ಕನ ತಲೆಗೆ ಬಂತು. ಅವಳದು ಒಂದೇ ಕಟ್ಟಳೆ: ಎಲ್ಲಿಂದ ಎಲ್ಲಿಗೆ ಹೊರಟರೂ ನೀರು ಹಾಕಿದ ದಾರಿಯಲ್ಲೇ ಮುಟ್ಟಬೇಕು, ಸುತ್ತು ಬಿದ್ದರೂ ನೇರ ದಾರಿಯ ಎರಡರಷ್ಟು ಮೀರಬಾರದು. ಹೀಗಾಗಿ ನಮ್ಮ ಮನೆ ಮುಂದಿನ ನೇರ ದಾರಿ ಒಣಗಿಯೇ ಉಳಿಯಿತು, ಹಿಂದಿನ ಸುತ್ತುದಾರಿ ನೆನೆಯಿತು. "ಮಗಳು ಲೆಕ್ಕ ಕಲ್ತಿದ್ದಕ್ಕ ನನಗ ಧೂಳು ಬಂತು ನೋಡ್ರಿ," ಎಂದು ಅವ್ವ ಪಕ್ಕದ ಮನೆಯವರ ಮುಂದೆ ನಗುತ್ತಿದ್ದಳು.

ಮ್ಯಾನೇಜರಿಗೆ ಅಷ್ಟೂ ಹೆಚ್ಚಾಯಿತು. "ಇನ್ನೊಂದು ದಾರಿ ಕಡಿಮಿ ಮಾಡ್ರಿ ಮೇಡಂ. ಆಗಂಗಿಲ್ಲ ಅಂದ್ರ ಸಾಬೀತು ಮಾಡ್ರಿ. ಇಲ್ಲಾಂದ್ರ ನಿಮ್ಮ ಮನಿ ಹಿಂದಿಂದು ಬಂದ್ ಮಾಡಸ್ತೀನಿ."

"ಕಂಪ್ಯೂಟರ್ ಐತಲ್ಲಕ್ಕ, ಒತ್ತು," ಎಂದೆ, ಮಹಾ ಜಾಣನಂತೆ.

"ಲೇ, ಆರಿಸಿದ್ದು ಸರಿ ಐತೋ ಇಲ್ಲೋ ನೋಡೋದು ಸಲೀಸು. ಅದಕ್ಕಿಂತ ಕಡಿಮಿ ಇಲ್ಲ ಅನ್ನಾಕ ಎಲ್ಲಾ ತರ ಆರಿಸಿ ನೋಡ್ಬೇಕು. ಒಂದೊಂದು ದಾರಿ ಕೂಡಿದಂಗ ಆ ಲೆಕ್ಕ ಎರಡೆರಡು ಪಟ್ಟು ಆಕ್ಕೈತಿ. ಜಲ್ದಿ ಮುಗಿಸೋ ಉಪಾಯ ಜಗತ್ತಿನಾಗ ಯಾರಿಗೂ ಸಿಕ್ಕಿಲ್ಲ."

ಆದರೂ ಊಟ ಬಿಟ್ಟು ಹುಡುಕುತ್ತಿದ್ದಳು. ಹಾಗಿರುವಾಗ ಒಂದು ಸಂಜೆ ಅವ್ವನಿಗೆ ಉಸಿರು ಕಟ್ಟಿತು. ಮುಂದಿನ ದಾರಿಯ ಧೂಳಿನಲ್ಲಿ ಎದುರು ಮನೆಯೇ ಕಾಣುತ್ತಿರಲಿಲ್ಲ. ಆಸ್ಪತ್ರೆಗೆ ಹೊರಟ ನಮ್ಮ ಆಟೋ ಹಿಂದಿನ ದಾರಿ ಹಿಡಿಯಿತು. ಆ ಸುತ್ತು ಮುಗಿಯುವುದೇ ಇಲ್ಲ ಅನ್ನಿಸಿತು ನನಗೆ. ಅವ್ವ ಕಣ್ಣಲ್ಲೇ ಎಷ್ಟು ದೂರ ಎಂದು ಕೇಳಿದಳು. "ಎರಡರಷ್ಟು ಆಗಂಗಿಲ್ಲವ್ವ, ಆಗಂಗಿಲ್ಲ," ಎಂದು ಅಕ್ಕ ಅವಳ ಬೆನ್ನು ನೀವುತ್ತ ಅದನ್ನೇ ಹೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಉಸಿರು ತಹಬಂದಿಗೆ ಬಂದ ಮೇಲೆ ಅವ್ವ ಅಕ್ಕನ ಕೈ ಹಿಡಿದು, "ಇನ್ನ ಕಡಿಮಿ ಹುಡುಕಬ್ಯಾಡ ಯವ್ವಾ," ಎಂದಳು.

ಮರುದಿನ ಊರವರ ಎದುರೇ ಅಕ್ಕ ಮ್ಯಾನೇಜರಿಗೆ, "ಸಾಬೀತು ನನ್ನ ಹತ್ರ ಇಲ್ರಿ. ಕಡಿಮಿ ಇದ್ರ ನೀವು ಆರಿಸಿ ತರ್ರಿ, ನಿಂತಲ್ಲೇ ನೋಡಿ ಹೇಳ್ತೀನಿ. ಅಲ್ಲೀತನಕ ನೀರು ಹಾಕಸ್ರಿ," ಎಂದಳು. ಅವರು ತರಲಿಲ್ಲ. ನೀರು ನಿಲ್ಲಲಿಲ್ಲ.

ಅವ್ವ ಈಗಿಲ್ಲ. ಮುಂದಿನ ದಾರಿಗೆ ಡಾಂಬರು ಬಿದ್ದಿದೆ. ಇವತ್ತು ಸಂಡೂರಿಗೆ ಹೊರಟವನು ಟ್ಯಾಂಕರಿನ ಹಿಂದೆ ಸುತ್ತುದಾರಿ ಹಿಡಿದೆ. ತಡವಾಗುತ್ತದೆ ಎಂದು ಮೊಬೈಲಿನ ಮ್ಯಾಪು ಗೊಣಗಿತು. ಎರಡರಷ್ಟಂತೂ ಆಗುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ. ಎದೆ ಹಗುರವಾಯಿತು.